ಮೇಪಲ್ ತೋಪಿನಲ್ಲಿ ಸನ್ಮಾನ

ಬಸ್ಸು ಮನ್ರೋ ಪಟ್ಟಣ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಕನ್ನಡ ಕೂಟದ ಅಧ್ಯಕ್ಷ ಗುರುರಾಜ ಅಂಕಲ್ ‘ನಾವೇ ಒರಿಜಿನಲ್ ಇಂಡಿಯನ್ಸ್ ರೀ’ ಎಂಬ ಜೋಕನ್ನು ಮೂರನೆಯ ಸಲ ಹೇಳಿ, ಮೂರನೆಯ ಸಲವೂ ತಾವೇ ಮೊದಲು ನಕ್ಕರು. ಸಿಂಧುವೂ ನಕ್ಕಳು. ಹನ್ನೊಂದು ವರ್ಷದಿಂದ ಈ ಕನ್ನಡ ಕೂಟದಲ್ಲಿ ನಗಬೇಕಾದ ಜಾಗದಲ್ಲಿ ನಗಬೇಕಾದಷ್ಟು ನಕ್ಕು ಬಂದವಳಿಗೆ ಇದೇನು ಹೊಸ ಕೆಲಸವಲ್ಲ. ಅವಳ ತೊಡೆಯ ಮೇಲೆ ಮೈಸೂರು ಪೇಟದ ದುಂಡನೆಯ ಡಬ್ಬಿ, ಕಾಲ ಬಳಿ ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಕಿಟಕಿಗೆ ಮೂಗೊತ್ತಿಕೊಂಡು ಕೂತ ಒಂಬತ್ತು ವರ್ಷದ ಮಗಳು ಸಾನ್ವಿ. ಮಾರ್ಚ್ ತಿಂಗಳ ಮೊದಲ ಭಾನುವಾರ, ಕೂಟದ ಮೂವತ್ತೆರಡು ಜನ ಪುಳಿಯೋಗರೆ ಕಟ್ಟಿಕೊಂಡು ಉತ್ತರದ ಬೆಟ್ಟಗಳ ಕಡೆ ಹೊರಟಿದ್ದರು; ಅಲ್ಲಿ, ಬಿಳಿಯರು ‘ಇಂಡಿಯನ್ಸ್’ ಎಂದು ಕರೆದ ಲೆನಾಪೆ ಎಂಬ ಮೂಲನಿವಾಸಿಗಳ ಕುಟುಂಬವೊಂದು ಮೇಪಲ್ ಮರದ ರಸ ಇಳಿಸಿ ಕಾಯಿಸುವುದನ್ನು ನೋಡಲು. ಇಮೇಲಿನಲ್ಲಿ ಹಾಗಿತ್ತು. ವಾಟ್ಸಾಪಿಗೆ ಬರುವಷ್ಟರಲ್ಲಿ ಅದು ‘ಟ್ರೈಬಲ್ ವಿಲೇಜ್ ಟೂರ್, ಲಂಚ್ ಇನ್‌ಕ್ಲೂಡೆಡ್’ ಆಗಿತ್ತು. ಈ ಕೂಟದವರನ್ನು ಸೀಕಾಕಸ್ಸಿನ ಗೋಡೌನಿಗೆ ಕರೆದುಕೊಂಡು ಹೋದರೂ ಅಲ್ಲೊಬ್ಬರನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಅಧ್ಯಕ್ಷರಿಂದ ನಾಲ್ಕು ಮಾತಾಡಿಸದೆ ಹಿಂತಿರುಗುವ ಜಾತಿಯಲ್ಲ ಇವರದು. ಅಧ್ಯಕ್ಷರ ಭಾಷಣ ಕನ್ನಡದಲ್ಲಿಯೇ ಇರತಕ್ಕದ್ದು ಎಂದು ಬೈಲಾದಲ್ಲಿ ಬರೆದಿದೆ. ಎದುರಿಗಿರುವವರಿಗೆ ಕನ್ನಡ ಬಾರದಿದ್ದರೆ ಅನುವಾದಕ್ಕೆ ಒಬ್ಬರು. ಇವತ್ತು ಆ ಒಬ್ಬರು ಸಿಂಧು. ‘ನಿನ್ನ ಇಂಗ್ಲಿಷ್ ಕ್ಲೀನಾಗಿದೆ ಕಣೆ, ಆಫೀಸಲ್ಲಿ ದಿನಾ ಪ್ರೆಸೆಂಟೇಷನ್ ಕೊಡೋಳಲ್ವಾ ನೀನು,’ ಎಂದು ಅಧ್ಯಕ್ಷರ ಹೆಂಡತಿ ಶೈಲಜಾ ಆಂಟಿ ಹೋದ ವಾರವೇ ಒಪ್ಪಿಸಿಬಿಟ್ಟಿದ್ದರು.

‘ಸಿಂಧು, ಇಲ್ಲೆ ನೋಡವಾ,’ ಎಂದು ಗುರುರಾಜ ಅಂಕಲ್ ಮುಂದಿನ ಸೀಟಿನ ಮೇಲಿಂದ ಫೋನು ಚಾಚಿದರು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಅವರ ನಾಲಿಗೆ ಧಾರವಾಡ ಬಿಟ್ಟಿರಲಿಲ್ಲ. ‘ಹ್ವಾದ ಡಿಸೆಂಬರದಾಗ ಬಿಳಿಗಿರಿಬೆಟ್ಟದ ರೆಸಾರ್ಟಿಗೆ ಹೋಗಿದ್ವಿ. ಸೋಲಿಗರ ಡಾನ್ಸು. ಏನ್ ಕುಣಿತಾರ ಅಂತಿ! ಇವತ್ತ ಇವರೂ ಹಿಂಗ ಕುಣಿತಾರೇನು ನೋಡೂಣು.’ ಪರದೆಯ ಮೇಲೆ ಬೆಂಕಿ, ಬೆಂಕಿಯ ಸುತ್ತ ಪ್ಲಾಸ್ಟಿಕ್ ಕುರ್ಚಿಗಳು, ಬೆಂಕಿಗೂ ಕುರ್ಚಿಗಳಿಗೂ ನಡುವೆ ಸೊಂಟಕ್ಕೆ ಸೊಪ್ಪು ಸುತ್ತಿಕೊಂಡ ಹತ್ತು ಗಂಡಸರು. ಆ ಸೊಪ್ಪು ರೆಸಾರ್ಟಿನವರ ಐಡಿಯಾ; ಪೋಡಿನಲ್ಲಿ, ಎಂದರೆ ಕಾಡೊಳಗಿನ ಅವಳ ಆ ಇಪ್ಪತ್ತು ಮನೆಯ ಊರಿನಲ್ಲಿ, ಸೊಪ್ಪು ಉಟ್ಟವರನ್ನು ಅವಳ ಅಜ್ಜಿಯೂ ಕಂಡಿರಲಿಲ್ಲ. ಎಲ್ಲರಿಗಿಂತ ಮುಂದೆ ಡೋಲು ಕಟ್ಟಿಕೊಂಡ ಮುದುಕನ ಬಲ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಹೆಜ್ಜೇನು ಕೀಳಲು ಹತ್ತಿದ ಮರದಿಂದ ಬಿದ್ದ ಮಂಡಿ ಅದು. ಆ ಮಂಡಿಗೆ ಅವಳು ಹರಳೆಣ್ಣೆ ತಿಕ್ಕಿದ್ದಾಳೆ. ‘ವಾಟ್ ಈಸ್ ಇಟ್ ಅಮ್ಮಾ?’ ಎಂದು ಸಾನ್ವಿ ಇತ್ತ ತಿರುಗಿದಳು. ಸಿಂಧು ಫೋನನ್ನು ಮಗುಚಿ ಅಂಕಲ್ ಕೈಗೆ ತುರುಕಿದಳು. ‘ಏನಿಲ್ಲ ಪುಟ್ಟಾ, ಡಾನ್ಸು.’ ಅಷ್ಟು ಬೇಗ ತನ್ನ ಕೈ ಮಗುಚಿದ್ದನ್ನು ಅವಳೇ ನೋಡಿದಳು. ಸಾನ್ವಿಗೆ ಗೊತ್ತಿರುವ ತಾತ ವೀಡಿಯೊ ಕಾಲಿಗೆ ಬಿಳಿ ಅಂಗಿ ಹಾಕಿಕೊಂಡು ಕೂರುವ ತಾತ, ‘ವರ್ಕ್ಸ್ ಇನ್ ಎ ಹೋಟೆಲ್’. ಶಾಲೆಯಲ್ಲಿ ವಂಶವೃಕ್ಷ ಬರೆಸಿದಾಗ ಹಾಗೆಯೇ ಬರೆದು ಬಣ್ಣ ಹಚ್ಚಿದ್ದಾಳೆ. ಸುಳ್ಳು ಎನ್ನುವಂತಿಲ್ಲ, ರೆಸಾರ್ಟೂ ಒಂದು ಹೋಟೆಲೇ. ಆದರೆ ಇವತ್ತಲ್ಲದಿದ್ದರೆ ನಾಳೆ, ಇನ್ಯಾರದೋ ಫೋನಿನಲ್ಲಿ ಈ ಹುಡುಗಿ ತಾತನನ್ನು ಸೊಪ್ಪಿನಲ್ಲಿ ನೋಡುತ್ತಾಳೆ, ಆಗ ಪಕ್ಕದವರು ನಗುತ್ತಿರುತ್ತಾರೆ. ಅದಕ್ಕೆ ಮೊದಲು ಹೇಳಬೇಕು. ಯಾವತ್ತು, ಹೇಗೆ, ಎಂಬುದನ್ನು ಅವಳು ಮೂರು ವರ್ಷದಿಂದ ಮುಂದೂಡುತ್ತಿದ್ದಳು.

ಮುಂದೂಡುವುದಕ್ಕೆ ಕೂಟ ಬಹಳ ಅನುಕೂಲ ಮಾಡಿಕೊಟ್ಟಿತ್ತು. ‘ಯಾವ ಕಡೆಯವರು?’ ಎಂದರೆ ಮೈಸೂರು. ‘ಮೈಸೂರಲ್ಲಿ ಎಲ್ಲಿ?’ ಎಂದರೆ ಚಾಮರಾಜನಗರ ಸೈಡು. ಮೂರನೆಯ ಪ್ರಶ್ನೆ ಬಾಯಿಗೆ ಬರುವ ಮೊದಲೇ ಅವರು ಗಂಡ ಶಿವಪ್ರಕಾಶನ ಹಣೆಯ ವಿಭೂತಿ ನೋಡಿ ತಮಗೆ ತಾವೇ ಉತ್ತರ ಕೊಟ್ಟುಕೊಂಡು ತೃಪ್ತರಾಗುತ್ತಿದ್ದರು. ಹಣೆ ಓದುವುದರಲ್ಲಿ ನಮ್ಮವರಿಗೆ ಸಮುದ್ರ ದಾಟಿದರೂ ಕನ್ನಡಕ ಬೇಕಿಲ್ಲ. ‘ಹೇಳಿದ್ರೆ ಏನ್ ಮಹಾ ಆಗುತ್ತೆ?’ ಎನ್ನುತ್ತಾನೆ, ಇವತ್ತು ಆಫೀಸಿನ ಕೆಲಸವೆಂದು ಮನೆಯಲ್ಲೇ ಉಳಿದ ಶಿವಪ್ರಕಾಶ್, ಯಾರೂ ಯಾವತ್ತೂ ಏನೂ ಕೇಳದ ಮನೆಯಲ್ಲಿ ಹುಟ್ಟಿದವನ ನಿಶ್ಚಿಂತೆಯಲ್ಲಿ. ಏನಾಗುತ್ತೆ? ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ಕಿನಲ್ಲಿ ಅವಳ ಪಾತ್ರೆಯ ಮುಂದೆ ಸೌಟು ಹಿಡಿದ ಕೈ ಅರೆಕ್ಷಣ ತಡೆಯುತ್ತದೆ, ಆಮೇಲೆ ಬೇಕೆಂದೇ ಎರಡು ಸೌಟು ಬಡಿಸಿಕೊಳ್ಳುತ್ತದೆ. ಆ ಎರಡನೆಯ ಸೌಟಿಗೇ ಅವಳು ಹೆದರುತ್ತಿದ್ದುದು.

ಬಸ್ಸು ನಿಂತಲ್ಲಿ ಹಿಮ ಕರಗಿ ಕೆಸರಾಗಿತ್ತು. ಬೋಳು ಮರಗಳ ಸೊಂಟಕ್ಕೆಲ್ಲ ತಗಡಿನ ಬಕೆಟ್ಟು. ಎದುರುಗೊಳ್ಳಲು ಬಂದ ಹೆಂಗಸಿಗೆ ಅರವತ್ತೈದರ ಮೇಲಿರಬಹುದು. ಕಿತ್ತಳೆ ಬಣ್ಣದ ದಪ್ಪ ಜಾಕೆಟ್ಟು, ಫುಟ್‌ಬಾಲ್ ತಂಡವೊಂದರ ಉಣ್ಣೆಯ ಟೋಪಿ, ಕೈಯಲ್ಲಿ ದೊಡ್ಡ ಕಾಫಿ ಲೋಟ. ‘ನಾನು ಲೊರೇನ್. ವಾರದ ದಿನ ಸ್ಕೂಲ್ ಬಸ್ ಓಡಿಸ್ತೀನಿ, ಅದಕ್ಕೇ ನಿಮ್ಮ ಡ್ರೈವರು ರಿವರ್ಸ್ ತಗೊಳ್ಳೋದನ್ನ ನೋಡಿ ಎದೆ ಧಸಕ್ಕಂತು,’ ಎಂದಳು ಇಂಗ್ಲಿಷಿನಲ್ಲಿ. ಮೂವತ್ತೆರಡು ಜೋಡಿ ಕಣ್ಣುಗಳು ಆಕೆಯ ಹೆಗಲಾಚೆ ನಿಜವಾದವಳನ್ನು ಹುಡುಕಿದವು. ಶೈಲಜಾ ಆಂಟಿ ಸಿಂಧುವಿನ ಕಿವಿಯಲ್ಲಿ, ‘ಡ್ರೆಸ್ ಹಾಕ್ಕೊಂಡು ಬರೋರು ಒಳಗಿದ್ದಾರೇನೋ ಅಲ್ವಾ?’ ಎಂದರು. ಒಳಗೆ ಯಾರೂ ಇರಲಿಲ್ಲ. ಮರದ ತೊಗಟೆ ಹೊದಿಸಿದ ಬೋರಲು ಬುಟ್ಟಿಯಂಥ ಗುಡಿಸಲೊಂದಿತ್ತು; ಎಲ್ಲರೂ ಬಗ್ಗಿ ಒಳಹೊಕ್ಕು ಫೋಟೋ ತೆಗೆಸಿಕೊಂಡು ‘ಎಷ್ಟು ಸಿಂಪಲ್ ಲೈಫ್’ ಎಂದು ನಿಟ್ಟುಸಿರು ಬಿಟ್ಟು ಹೊರಬಂದರು. ‘ಇದು ಮುತ್ತಜ್ಜಿಯರ ಕಾಲದ್ದು. ನಿಮಗೆ ತೋರಿಸೋಕೆ ಹೋದ ಬೇಸಗೇಲಿ ಕಟ್ಟಿದ್ವಿ,’ ಎಂದಳು ಲೊರೇನ್, ‘ನಾನಿರೋದು ಅಗೋ ಅಲ್ಲಿ.’ ಮರಗಳಾಚೆ ನೀಲಿ ಬಣ್ಣದ ಸಾದಾ ಮನೆ, ಅದರ ಮೇಲೊಂದು ಡಿಶ್ಶು. ಗುರುರಾಜ ಅಂಕಲ್ ಮುಖದಲ್ಲಿ ದುಡ್ಡು ಕೊಟ್ಟು ಮೋಸಹೋದವನ ಕಳೆ ಬಂತು. ‘ಡಾನ್ಸ್ ಎಷ್ಟಕ್ಕ ಸುರು?’ ಎಂದು ಕೇಳಿಯೇಬಿಟ್ಟರು. ಸಿಂಧು ಅದನ್ನು ಇಂಗ್ಲಿಷ್ ಮಾಡಬೇಕಾಯಿತು. ‘ಡಾನ್ಸ್ ಇಲ್ಲ,’ ಎಂದಳು ಲೊರೇನ್ ಬಹಳ ಪ್ರೀತಿಯಿಂದ. ‘ಇವತ್ತು ಪಾಕ.’

ಸಿಂಧುವಿಗೆ ಆ ಹೆಂಗಸನ್ನು ತಬ್ಬಿಕೊಳ್ಳಬೇಕೆನಿಸಿತು. ಇವತ್ತು ಪಾಕ! ಅಪ್ಪನಿಗೆ ಯಾವತ್ತಾದರೂ ಹೀಗೆ ಹೇಳುವ ಅವಕಾಶವಿತ್ತೇ, ಇವತ್ತು ಕುಣಿತವಿಲ್ಲ, ಇವತ್ತು ರಾಗಿ ಕೊಯ್ಲು ಎಂದು? ಡಿಗ್ರಿಯ ಎರಡನೆಯ ವರ್ಷ, ಮೈಸೂರಿನ ಕಾಲೇಜಿನಿಂದ ಪ್ರವಾಸ. ಬಸ್ಸು ಅದೇ ರೆಸಾರ್ಟಿಗೆ ಹೋಗುತ್ತಿದೆಯೆಂದು ತಿಳಿದಾಗ ಜ್ವರವೆಂದು ಉಳಿದುಬಿಡಬಹುದಿತ್ತು. ಉಳಿಯಲಿಲ್ಲ, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಗೆಳತಿಯರ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅಪ್ಪ ಕುಣಿಯುವುದನ್ನು ನೋಡಿದ್ದಳು. ಚಪ್ಪಾಳೆ ಹೊಡೆದಿದ್ದಳು. ಕುಣಿತ ಮುಗಿದ ಮೇಲೆ ಅಪ್ಪ ಎಲ್ಲರ ಮುಂದೆ ಹಾದು ಅವಳ ಎದುರು ನಿಂತು, ಬೆವರೊರೆಸಿಕೊಳ್ಳುತ್ತ, ಏನೂ ಅರಿಯದವನ ದನಿಯಲ್ಲಿ ‘ಯಾವೂರವ್ವ ನಿಂದು?’ ಎಂದಿದ್ದ. ಅವಳು ‘ಮೈಸೂರು’ ಎಂದಿದ್ದಳು. ‘ಓಹೋ, ಸ್ಯಾನೆ ದೂರದಿಂದ ಬಂದೀಯ, ಉಂಡ್ಕೊಂಡು ಹೋಗವ್ವ,’ ಎಂದು ಕಣ್ಣು ಮಿಟುಕಿಸಿ ಹೋಗಿದ್ದ. ಆ ರಾತ್ರಿ ಹಾಸ್ಟೆಲಿನಲ್ಲಿ ಅವಳು ಅತ್ತಳು. ಅಪ್ಪ ಮಾತ್ರ ಆ ಕಥೆಯನ್ನು ಪೋಡಿನಲ್ಲಿ ಹತ್ತು ವರ್ಷ ಹೇಳಿ ಹೇಳಿ ನಗಿಸಿದ, ಪ್ರತಿ ಸಲವೂ ಅವಳ ದನಿಯನ್ನು ಇನ್ನಷ್ಟು ಪೇಟೆಯದಾಗಿಸಿ. ಅವನು ನಕ್ಕಷ್ಟೂ ಅವಳಿಗೆ ಚುಚ್ಚಿತು. ಕೋಪಿಸಿಕೊಂಡಿದ್ದರೆ ಒಂದು ಸಲ ಕಾಲಿಗೆ ಬಿದ್ದು ಮುಗಿಸಬಹುದಿತ್ತು.

‘ನಲವತ್ತು ಬಕೆಟ್ ರಸ ಕಾಯಿಸಿದ್ರೆ ಒಂದು ಬಕೆಟ್ ಪಾಕ,’ ಎನ್ನುತ್ತಿದ್ದಳು ಲೊರೇನ್. ನಾಲ್ಕು ಕಂಬ, ಮೇಲೊಂದು ಮಾಡು, ಕೆಳಗೆ ಹಾಸಿಗೆಯಷ್ಟು ಉದ್ದದ ಬಾಣಲೆ. ಸೌದೆಯ ಉರಿಗೆ ರಸ ಕುದಿದು ಬಿಳಿ ಹಬೆ ಎಲ್ಲರ ಕನ್ನಡಕಗಳನ್ನು ಒಟ್ಟಿಗೆ ಕುರುಡಾಗಿಸಿತು. ಆಲೆಮನೆಯ ವಾಸನೆಯೇ ಎಂದು ಒಬ್ಬರು, ಅಲ್ಲ ಹೋಳಿಗೆಯ ಹೂರಣದ್ದು ಎಂದು ಇನ್ನೊಬ್ಬರು, ಹೀಗೆ ಚರ್ಚೆ ಕಾವೇರಿತು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಬಿಸಿಲು ಇದ್ದರೆ ಮಾತ್ರ ರಸ ಇಳಿಯುತ್ತದೆ, ಒಂದು ಮರಕ್ಕೆ ಒಂದೇ ತೂತು, ದಪ್ಪ ಮರವಾದರೆ ಎರಡು, ಅದಕ್ಕಿಂತ ಆಸೆಪಟ್ಟರೆ ಮರ ಸಾಯುತ್ತದೆ ಎಂದು ಲೊರೇನ್ ವಿವರಿಸಿದಳು. ಜೇನುಹುಟ್ಟನ್ನು ಪೂರ್ತಿ ಕೊಯ್ಯಬೇಡ, ಮರಿಹುಳಕ್ಕೆ ಬಿಡು, ನೆಲದಲ್ಲಿರುವವರಿಗೂ ಒಂದಿಷ್ಟು ಬೀಳಿಸು, ಹುಲಿರಾಯನಿಗೆ ಮರ ಹತ್ತಲು ಬರುತ್ತದೆಯೇ, ಎನ್ನುತ್ತಿದ್ದ ಅಪ್ಪ ಮರದ ಮೇಲಿಂದ. ಈಗ ಆ ಕಾಡಿನ ಬಾಯಲ್ಲಿ ಬೋರ್ಡು ನಿಂತಿದೆ: ಜೇನು ಕೀಳುವುದು ಅಪರಾಧ. ಅದೇ ಬೋರ್ಡಿನ ಪಕ್ಕದಲ್ಲಿ ಬಾಣದ ಗುರುತು: ರೆಸಾರ್ಟಿಗೆ ದಾರಿ. ‘ನಿಮ್ಮನ್ನ ಸರ್ಕಾರ ರೆಕಗ್ನೈಸ್ ಮಾಡಿದೆಯಾ?’ ಎಂದು ಯಾರೋ ಕೇಳಿದರು. ‘ರಾಜ್ಯದವರು ಹೌದು ಅಂತಾರೆ. ವಾಷಿಂಗ್ಟನ್ನಿನವರು ಪೇಪರ್ ತಗೊಂಬಾ ಅಂತಾರೆ,’ ಲೊರೇನ್ ಸೌಟಿನಿಂದ ನೊರೆ ತೆಗೆದು ಚೆಲ್ಲಿದಳು. ‘ನಮ್ಮ ಬೆಟ್ಟದಲ್ಲಿ ಕಾರ್ಖಾನೆ ಕಸ ಸುರಿಯೋವಾಗ ಯಾರೂ ಪೇಪರ್ ಕೇಳಿರಲಿಲ್ಲ ನೋಡಿ.’ ಸಿಂಧುವಿನ ಗಂಟಲಿಗೆ ತಾಲ್ಲೂಕು ಕಚೇರಿಯ ಧೂಳು ಬಂತು. ಆಗ ಅವಳಿಗೆ ಹದಿನೆಂಟು ವರ್ಷ, ಕೈಯಲ್ಲಿ ಜಾತಿ ಪ್ರಮಾಣಪತ್ರದ ಅರ್ಜಿ, ಮೇಜಿನಾಚೆ ಗುಮಾಸ್ತ. ‘ಚೂಡಿದಾರ ಹಾಕ್ಕೊಂಡು ಬಂದಿದೀಯ. ಸೋಲಿಗರ ಥರ ಕಾಣೋದೇ ಇಲ್ವಲ್ಲಮ್ಮ. ಎಲ್ಲಿ, ನಿಮ್ಮ ಭಾಷೇಲಿ ಏನಾದ್ರೂ ಹೇಳು.’ ಅವಳು ನಿಂತು, ತಮ್ಮನನ್ನು ತೂಗುತ್ತಿದ್ದ ಜೋಗುಳ ಹೇಳಿದ್ದಳು. ಎರಡು ಸಾಲಿಗೆ ಸೀಲು ಬಿತ್ತು. ಆ ಜೋಗುಳವನ್ನು ಸಾನ್ವಿಗೆ ಹಾಡಲು ಅವಳ ಬಾಯಿ ಏಳಲೇ ಇಲ್ಲ.

ಸನ್ಮಾನಕ್ಕೆ ಕುರ್ಚಿ ಬಂತು. ಲೊರೇನ್ ಬೇಡಬೇಡವೆಂದರೂ ಶೈಲಜಾ ಆಂಟಿ ಆಕೆಯ ಭುಜ ಒತ್ತಿ ಕೂರಿಸಿದರು. ಸನ್ಮಾನಕ್ಕೆ ಒಲ್ಲೆನ್ನುವುದು ಸನ್ಮಾನದ ಭಾಗವೇ ಎಂದು ನಮ್ಮವರು ತಿಳಿದುಕೊಂಡಿದ್ದಾರೆ. ಕಿತ್ತಳೆ ಜಾಕೆಟ್ಟಿನ ಮೇಲೆ ಜರಿ ಶಾಲು, ಉಣ್ಣೆ ಟೋಪಿಯ ಮೇಲೆ ಮೈಸೂರು ಪೇಟ. ಪೇಟ ನಿಲ್ಲದೆ ಎಡಕ್ಕೆ ಜಾರಿತು. ತೊಡೆಯ ಮೇಲೆ ಬಾಳೆಹಣ್ಣು, ಸೇಬು, ಅನಾನಸ್ಸಿನ ಬುಟ್ಟಿ. ‘ಇದನ್ನ ನಾನು ವಾಪಸ್ ಕೊಡಬೇಕಾ?’ ಎಂದು ಆಕೆ ಸಿಂಧುವನ್ನು ಮೆಲ್ಲಗೆ ಕೇಳಿದಳು. ಸಣ್ಣ ಸ್ಪೀಕರು, ಒಂದು ಮೈಕು, ಅಧ್ಯಕ್ಷರಿಗೂ ಅನುವಾದಕಿಗೂ ಸೇರಿ. ‘ಪ್ರಕೃತಿ ಮಾತೆಯ ಮಡಿಲಿನ ಮುಗ್ಧ ಜನಾಂಗದ ಪ್ರತಿನಿಧಿಯಾದ ಲೊರೇನ್ ತಾಯಿಯವರೇ,’ ಎಂದು ಗುರುರಾಜ ಅಂಕಲ್ ಶುರುಮಾಡಿ ಮೈಕು ದಾಟಿಸಿದರು. ಸಿಂಧುವಿನ ಇಂಗ್ಲಿಷಿನಲ್ಲಿ ಮುಗ್ಧ ಜನಾಂಗ ‘ನಿಮ್ಮ ಕುಟುಂಬ’ ಆಯಿತು. ‘ಆಧುನಿಕತೆಯ ಸೋಂಕಿಲ್ಲದ ನಿಮ್ಮ ಜೀವನ’ ಎಂಬುದು ‘ನಿಮ್ಮ ಶ್ರಮ’ ಆಯಿತು. ಎರಡೂ ಭಾಷೆ ಬಲ್ಲ ಮೂವತ್ತು ಜನ ಅನುವಾದ ಎಷ್ಟು ಚೆಂದ ಎಂದು ತಲೆದೂಗಿದರು. ಹೀಗೇ ಮುಗಿಸಬಹುದಿತ್ತು, ಇನ್ನೆರಡು ವಾಕ್ಯ, ಆಮೇಲೆ ಪುಳಿಯೋಗರೆ.

‘ನಮ್ಮ ನಾಡಿನಾಗೂ ಇಂಥಾ ಮಂದಿ ಅದಾರ,’ ಗುರುರಾಜ ಅಂಕಲ್ ಈಗ ಬರೆದುಕೊಂಡ ಚೀಟಿ ಬಿಟ್ಟು ಹೃದಯದಿಂದ ಮಾತಾಡಿದರು. ‘ಸೋಲಿಗರು ಅಂತ. ಪಾಪ, ಏನೂ ತಿಳೀದ ಮಂದಿ. ಕಾಡು, ಜೇನು, ಕುಣಿತ, ಇಷ್ಟ ಅವರ ಜಗತ್ತು. ಅಂಥವರನ್ನ ನಾವು, ಓದಿದವರು, ಮುಂದ ತರಬೇಕು.’ ಮೈಕು ಅವಳ ಕೈಗೆ ಬಂತು. ಬಾಣಲೆಯಲ್ಲಿ ರಸ ಕುದಿಯುವ ಸದ್ದು. ಯಾವ ವಾಕ್ಯಕ್ಕೂ ಅವಳ ಬಳಿ ಮೆದುವಾದ ಇನ್ನೊಂದು ವಾಕ್ಯ ಇದ್ದೇ ಇರುತ್ತಿತ್ತು, ಅದೇ ಅವಳ ಕಸುಬು, ಅದಕ್ಕೇ ಸಂಬಳ. ಈಗಲೂ ಇತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಮುಂದಿನ ಸಾಲಿನಲ್ಲಿ ಸಾನ್ವಿ ಪಾಕ ಬಿದ್ದ ಕೈಗವಸು ನೆಕ್ಕುತ್ತಿದ್ದಳು. ಸಿಂಧು ಇದ್ದದ್ದನ್ನು ಇದ್ದಂತೆ ಇಂಗ್ಲಿಷ್ ಮಾಡಿದಳು. ನಮ್ಮಲ್ಲೂ ನಿಮ್ಮಂಥ ಜನ ಇದ್ದಾರಂತೆ, ಸೋಲಿಗರು ಅಂತ, ಅವರಿಗೆ ಏನೂ ತಿಳಿಯದಂತೆ, ಅವರನ್ನು ಇವರು ಮುಂದೆ ತರುತ್ತಾರಂತೆ. ಉಸಿರೆಳೆದುಕೊಂಡು, ಅದೇ ಪ್ರೆಸೆಂಟೇಷನ್ ದನಿಯಲ್ಲಿ ಸೇರಿಸಿದಳು: ‘ನಾನು ಸೋಲಿಗರವಳು. ಇವರ ಫೋನಿನಲ್ಲಿ ಮುಂದೆ ನಿಂತು ಡೋಲು ಬಾರಿಸ್ತಿರೋರು ನಮ್ಮಪ್ಪ, ಜಡೆಯ.’ ಆಮೇಲೆ, ಬೈಲಾ ಪ್ರಕಾರ, ಅದನ್ನೇ ಕನ್ನಡದಲ್ಲೂ ಹೇಳಿದಳು.

ಮೊದಲು ಮಾತಾಡಿದವಳು ಲೊರೇನ್. ‘ನಿನ್ನನ್ನೂ ಕುಣಿಸ್ತಿದ್ರಾ?’

‘ಎಂಟನೇ ಕ್ಲಾಸಿನವರೆಗೆ. ಭಾನುವಾರ ಎರಡು ಶೋ.’

‘ಜನ ಚಪ್ಪಾಳೆ ತಾಳಕ್ಕೆ ಸರಿಯಾಗಿ ಹೊಡೀತಿದ್ರಾ?’

‘ಒಬ್ಬರೂ ಇಲ್ಲ.’

‘ಇಲ್ಲೂ ಅಷ್ಟೇ!’ ಎಂದು ಲೊರೇನ್ ತೊಡೆ ತಟ್ಟಿಕೊಂಡು ನಕ್ಕ ರಭಸಕ್ಕೆ ಪೇಟ ಉರುಳಿ ಬಾಳೆಹಣ್ಣಿನ ಮೇಲೆ ಕೂತಿತು. ಸಿಂಧುವಿಗೂ ನಗು ಬಂತು. ಅಳತೆ ಮಾಡಿಕೊಂಡು ನಕ್ಕದ್ದಲ್ಲ. ಮೈಕು ಇನ್ನೂ ಬಾಯಿಗೇ ಹಿಡಿದಿದ್ದರಿಂದ ಆ ನಗು ಸ್ಪೀಕರಿನಿಂದ ಇಡೀ ತೋಪಿಗೆ ಕೇಳಿಸಿ ಅವಳಿಗೇ ಗಾಬರಿಯಾಯಿತು. ‘ವೇಟ್,’ ಎಂದು ಸಾನ್ವಿ ಕೆಸರು ತುಳಿದುಕೊಂಡು ಬಂದಳು. ‘ವೇಟ್ ವೇಟ್. ತಾತ ಡಾನ್ಸಸ್? ಯು ಸೆಡ್ ಹೀ ವರ್ಕ್ಸ್ ಇನ್ ಎ ಹೋಟೆಲ್!’

‘ಹೋಟೆಲಲ್ಲೇ ಕುಣೀತಾರೆ ಪುಟ್ಟಾ.’

‘ದಟ್ಸ್ ದ ಬೆಸ್ಟ್ ಪಾರ್ಟ್! ವೈ ವುಡ್ ಯು ಲೀವ್ ಔಟ್ ದ ಬೆಸ್ಟ್ ಪಾರ್ಟ್?’ ಹುಡುಗಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸಿಂಧು ಮಗಳ ಅಂಟಂಟು ಕೈ ಹಿಡಿದುಕೊಂಡಳು, ಅಷ್ಟೆ.

ಗುರುರಾಜ ಅಂಕಲ್ ಕನ್ನಡಕ ತೆಗೆದು ಹಾಕಿ ಮತ್ತೆ ತೆಗೆದರು. ‘ಅವರು ನಿಮ್ಮ ತಂದೆಯವರೇನ್ರಿ? ನಾ ಅವರ ಕೂಡ ಸೆಲ್ಫಿನೂ ತಗೊಂಡೇನ್ರಿ,’ ಎಂದರು. ಹನ್ನೊಂದು ವರ್ಷ ನೀನು ಆಗಿದ್ದವಳು ಒಂದೇ ಕ್ಷಣದಲ್ಲಿ ನೀವು ಆದಳು. ಇದು ಗೌರವವೋ, ಎರಡು ಮಾರು ದೂರವೋ ಎಂದು ಅವಳು ಅಳೆಯುವುದರೊಳಗೆ ಶೈಲಜಾ ಆಂಟಿ ಬಂದು ಅವಳ ಎರಡೂ ಕೆನ್ನೆ ಹಿಡಿದರು. ‘ಅಯ್ಯೋ, ಮೊದ್ಲೇ ಹೇಳ್ಬಾರ್ದಾಗಿತ್ತೇನೆ? ನಾವೇನು ಹಾಗೆಲ್ಲ ನೋಡೋ ಜನಾನಾ?’ ಇಷ್ಟು ಹೇಳಿದವರು ಅದೇ ಉಸಿರಿನಲ್ಲಿ, ಕಣ್ಣರಳಿಸಿ, ‘ಸಿಂಧೂ! ಯುಗಾದಿ ಪ್ರೋಗ್ರಾಮಿಗೆ ಒಂದು ಸೋಲಿಗ ಡಾನ್ಸ್ ಹಾಕ್ಸಿಬಿಡೋಣ ಕಣೆ! ನೀನೇ ಲೀಡ್. ಆ ಸೊಪ್ಪೆಲ್ಲ ಆನ್‌ಲೈನಲ್ಲಿ ಸಿಗತ್ತೆ!’ ಎಂದರು. ಅವರ ಮುಖದಲ್ಲಿ ಕಪಟದ ಎಳೆಯೂ ಇರಲಿಲ್ಲ. ಇದೇ ಆ ಎರಡನೆಯ ಸೌಟು, ಎಂದುಕೊಂಡಳು ಸಿಂಧು. ಹಬೆಯಾಡುತ್ತ ಬಂದಿದೆ, ಇಷ್ಟು ಬೇಗ. ಬಡಿಸಿದವರ ಕೈ ಕಚ್ಚಬೇಕೆನಿಸಿತು, ಜೊತೆಗೇ ಒಂದು ತುಂಟ ಹರ್ಷ ಹೊಟ್ಟೆಯಿಂದೆದ್ದು ಬಂತು.

‘ಯುಗಾದಿವರೆಗೂ ಯಾಕೆ ಆಂಟಿ? ಈಗ್ಲೇ ಆಗ್ಲಿ,’ ಎಂದಳು ಮೈಕಿನಲ್ಲೇ. ‘ಆದ್ರೆ ಕುಣಿಯೋರು ನೀವುಗಳು. ನಾನು, ಲೊರೇನ್ ಕೂತ್ಕೊಂಡು ನೋಡ್ತೀವಿ. ಇಷ್ಟು ವರ್ಷ ಕುಣಿದಿದೀವಿ, ನಮಗೂ ಒಂದಿನ ಕುರ್ಚಿ ಬೇಡ್ವಾ?’

‘ನಾವಾ? ಈ ಕೆಸರಲ್ಲಾ? ನನ್ನ ಮಂಡಿ ಕಣೆ!’

‘ನಮ್ಮಪ್ಪನ ಮಂಡೀನೂ ಮಡಚಲ್ಲ ಆಂಟಿ. ಬನ್ನಿ, ಸಾಲಾಗಿ ನಿಂತ್ಕೊಳ್ಳಿ.’

ಯಾಕೆ ಬಂದರೋ. ನಾಚಿಕೆಗೋ, ತಪ್ಪಿನ ಅಳುಕಿಗೋ, ಬಸ್ಸಿನಲ್ಲಿ ಕೂತು ಮೈ ಹಿಡಿದುಕೊಂಡಿದ್ದಕ್ಕೋ. ಮೊದಲು ಗುರುರಾಜ ಅಂಕಲ್ ‘ಆತು, ಆತು, ಶಿಕ್ಷಾ ಆಗ್ಲೇಬೇಕು’ ಎಂದು ಮಫ್ಲರು ಬಿಗಿದುಕೊಂಡು ನಿಂತರು, ಅವರ ಹಿಂದೆ ಆಂಟಿ, ಆಂಟಿಯ ಹಿಂದೆ ಹತ್ತು ಹನ್ನೆರಡು ಜನ. ಲೊರೇನ್ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಸಿಂಧುವನ್ನು ಕೂರಿಸಿ, ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು, ‘ತಾಳ ಹೇಳು,’ ಎಂದಳು. ಸಿಂಧು ಅವಳ ಮಂಡಿಯ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ಬಕೆಟ್ಟು ಒಳ್ಳೆಯ ಸದ್ದು ಮಾಡಿತು. ಡಾಕ್ಟರುಗಳು, ಎಂಜಿನಿಯರುಗಳು, ಒಬ್ಬ ಪ್ರೊಫೆಸರು, ಸ್ನೋ ಬೂಟುಗಳಲ್ಲಿ ಕೆಸರು ಹಾರಿಸುತ್ತ, ಅಂಕಲ್ ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದ್ದ ವೀಡಿಯೊದಲ್ಲಿ ಕಂಡದ್ದನ್ನು ನೆನೆಸಿಕೊಂಡು ಕೈ ಮೇಲೆತ್ತಿ ಹಾರಿದರು. ಕುರ್ಚಿಯಿಂದ ನೋಡುವುದರಲ್ಲಿ ಎಂಥ ಸುಖವಿದೆಯೆಂದು ಸಿಂಧುವಿಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಅವರು ಚೆಂದವಾಗಿ ಕಾಣುತ್ತಿದ್ದರು. ಮುಗ್ಧರಾಗಿ ಕಾಣುತ್ತಿದ್ದರು! ಅಬ್ಬಾ, ಎಷ್ಟು ಸುಲಭ. ಸಾನ್ವಿ ಓಡಿಹೋಗಿ ಸಾಲಿನ ಕೊನೆಗೆ ಸೇರಿಕೊಂಡಳು, ಮುಂದಿನವರು ತಪ್ಪು ಹಾಕಿದ ಹೆಜ್ಜೆಯನ್ನೇ ನಿಷ್ಠೆಯಿಂದ ಹಾಕುತ್ತ.

ಅಷ್ಟು ಹೊತ್ತು ತಡೆದುಕೊಂಡಿದ್ದವಳಿಗೆ ಒಂದನ್ನು ಮಾತ್ರ ತಡೆಯಲಾಗಲಿಲ್ಲ. ಬಲಗಾಲಿನಿಂದ ಶುರುಮಾಡುತ್ತಿದ್ದಾರೆ. ಬಲಗಾಲಿನಿಂದ ಶುರುಮಾಡಿದರೆ ಮೂರನೆಯ ಸುತ್ತಿಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಪೋಡಿನ ಮೂರು ವರ್ಷದ ಕೂಸಿಗೂ ಗೊತ್ತು. ‘ಎಡಗಾಲು!’ ಎಂದು ಕೂತಲ್ಲಿಂದ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದಳು. ‘ಹೋಗು, ನೀನಿಲ್ಲದೆ ಅವರ ಕೈಲಾಗಲ್ಲ,’ ಎಂದಳು ಲೊರೇನ್ ಬಕೆಟ್ಟು ಬಾರಿಸುತ್ತಲೇ. ಸಿಂಧು ಕೋಟು ಕಳಚಿ ಕುರ್ಚಿಯ ಮೇಲೆಸೆದು, ಕೆಸರಿಗಿಳಿದು, ಸಾಲಿನ ನಡುವೆ ನುಗ್ಗಿ, ಅಧ್ಯಕ್ಷರ ಮಂಡಿಯ ಹಿಂದಕ್ಕೆ ಅಂಗೈಯಿಂದ ಒಂದೇಟು ಹಾಕಿದಳು.

‘ಅಂಕಲ್, ಎಡಗಾಲು. ಮೊದಲು ಎಡಗಾಲು ಅಂದೆ. ಸೊಂಟ ಬಗ್ಗಿಸಿ. ಇನ್ನೂ ಬಗ್ಗಿಸಿ.’